ಬಾವು ಇಳಿಯುವ ಇಂಜೆಕ್ಷನ್ ಕೊಟ್ಟಿದ್ದಾರೆ, ಇನ್ನು ಕೇಳಬೇಡಿ

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವನು ನಾನು. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನ ವೀಲ್‌ಚೇರ್ ನಿಂತರೆ ಸಾಕು, ಯಾರಾದರೂ ಬಗ್ಗಿ ಕೇಳುತ್ತಾರೆ: "ಬಿದ್ದ ಕೂಡಲೇ ಬಾವು ಇಳಿಯುವ ಇಂಜೆಕ್ಷನ್ ಕೊಟ್ಟಿದ್ರೆ ನೀವು ನಡೀತಿದ್ರಿ ಅಲ್ವಾ?"

ಕೊಟ್ಟಿದ್ದಾರೆ ಮಾರಾಯ್ರೆ. ಕೊಟ್ಟ ಮೇಲೂ ಹೀಗೇ ಇದ್ದೇನೆ.

ಈ ಉತ್ತರ ಯಾರಿಗೂ ಹಿಡಿಸುವುದಿಲ್ಲ. "ಹಾಗಾದ್ರೆ ಡೋಸ್ ಕಮ್ಮಿ ಆಗಿರ್ಬೇಕು" ಅನ್ನುತ್ತಾರೆ. ಸರಿ, ಲೆಕ್ಕ ಕೇಳಿ. ಮದ್ದು ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಮೊದಲು ಮೈತೂಕದ ಕಿಲೋ ಒಂದಕ್ಕೆ 30 ಮಿಲಿಗ್ರಾಂ. ಆಮೇಲೆ 23 ಗಂಟೆ ಕಾಲ, ಗಂಟೆಗೆ ಕಿಲೋ ಒಂದಕ್ಕೆ 5.4 ಮಿಲಿಗ್ರಾಂ. ಆಗ ನಾನು 60 ಕಿಲೋ ಇದ್ದೆ. ಒಟ್ಟು 9 ಗ್ರಾಂ ದಾಟಿತು. ಕಮ್ಮಿ ಅಂತೆ!

ಈ ಲೆಕ್ಕ ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಪರೀಕ್ಷೆಯದು. ಪೆಟ್ಟಾಗಿ 8 ಗಂಟೆಯೊಳಗೆ ಶುರು ಮಾಡಿದವರಲ್ಲಿ ಚೇತರಿಕೆ ಸ್ವಲ್ಪ ಹೆಚ್ಚು ಕಂಡಿತು. ಸ್ವಲ್ಪ. ಎದ್ದು ಕಬಡ್ಡಿ ಆಡಿದರು ಅಂತಲ್ಲ. ಜೊತೆಗೆ ಗಾಯಕ್ಕೆ ಸೋಂಕು, ಹೊಟ್ಟೆಯೊಳಗೆ ರಕ್ತಸ್ರಾವ, ನ್ಯುಮೋನಿಯಾದ ಭಯ ಬೇರೆ. 2013ರಲ್ಲಿ ಅಲ್ಲಿನ ನರಶಸ್ತ್ರಚಿಕಿತ್ಸಕರ ಸಂಘಗಳೇ ಇದು ಬೇಡ ಎಂದವು. 2017ರಲ್ಲಿ ಬಂದ ಇನ್ನೊಂದು ಮಾರ್ಗಸೂಚಿ, 8 ಗಂಟೆಯೊಳಗಾದರೆ ಕೊಡಬಹುದು ಎಂದಿತು. ದೊಡ್ಡ ಡಾಕ್ಟರುಗಳೇ ಜಗಳದಲ್ಲಿದ್ದಾರೆ. ನಮ್ಮ ಚಾ ಅಂಗಡಿಯಲ್ಲಿ ಮಾತ್ರ ತೀರ್ಮಾನ ಆಗಿಬಿಟ್ಟಿದೆ.

ಬಾವು ಅಂದರೆ ಬರೀ ವೈರಿಯೂ ಅಲ್ಲ. ತೋಟದಲ್ಲಿ ಮರ ಬಿದ್ದರೆ ತೆರವು ಮಾಡಲು ಬಂದವರು ಪಕ್ಕದ ಸಸಿಯನ್ನೂ ತುಳಿಯುತ್ತಾರೆ. ಹಾಗಂತ ಯಾರೂ ಬರಬೇಡಿ ಅಂದರೆ ಸೋಗೆ, ಕಾಂಡ ಎಲ್ಲ ಅಲ್ಲೇ ಕೊಳೆಯುತ್ತದೆ. ಬೆನ್ನುಹುರಿಗೆ ಬರುವ ರಕ್ಷಣಾಕಣಗಳೂ ಅಷ್ಟೇ. ಸತ್ತ ನರದ ಕಸ ತೆಗೆಯುತ್ತವೆ, ಉಳಿದ ನರವನ್ನೂ ಕೆಡಿಸುತ್ತವೆ. ಸ್ಟೀರಾಯ್ಡ್ ಎಲ್ಲರನ್ನೂ ಒಟ್ಟಿಗೆ ಮನೆಗೆ ಕಳಿಸುತ್ತದೆ. ತುಳಿಯುವವರನ್ನು ಮಾತ್ರ ತಡೆಯುವ ಮದ್ದಿಗೆ ಇನ್ನೂ ಹುಡುಕಾಟ ನಡೆದಿದೆ.

ಇಷ್ಟೆಲ್ಲ ವಿಚಾರಿಸುವವರು ಒಂದು ಮಾತು ಮಾತ್ರ ಕೇಳಿಲ್ಲ: ನಿಮ್ಮನ್ನು ಎತ್ತಿದ್ದು ಹೇಗೆ?

ಜುಲೈ ತಿಂಗಳು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಮದ್ದು ಬಿಡುತ್ತಿದ್ದೆ. ಮರ ಪಾಚಿಗಟ್ಟಿತ್ತು. ಮರ ಹತ್ತಲು ಕಾಲಿಗೆ ಹಾಕುವ ಹಗ್ಗದ ಬಳೆ, ತಳೆ, ಕಳಚಿತು. ಬಿದ್ದಾಗ ಮೈಯೆಲ್ಲ ಮೈಲುತುತ್ತಿನ ನೀಲಿ. ನಾಲ್ಕು ಜನ ಓಡಿ ಬಂದರು. ಇಬ್ಬರು ಕಂಕುಳಿಗೆ ಕೈ ಹಾಕಿದರು, ಇಬ್ಬರು ಕಾಲು ಹಿಡಿದರು. ನಡು ಗೋಣಿಯ ಹಾಗೆ ಜೋತಾಡುತ್ತಿತ್ತು. ಹಾಗೇ ತೋಡಿನ ಸಂಕ, ಅಂದರೆ ಕಾಲುಸೇತುವೆ, ದಾಟಿಸಿ, ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದರು. ಕೊಟ್ಟಿಗೆಯಲ್ಲಿ ಹಳೇ ಬಾಗಿಲೊಂದು ಒರಗಿಸಿಟ್ಟಿತ್ತು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಹಿಡಿದು ಅದರ ಮೇಲೆ ಮಲಗಿಸಬಹುದಿತ್ತು. ಯಾರಿಗೂ ಗೊತ್ತಿರಲಿಲ್ಲ. ನನಗೂ.

ಬೆನ್ನುಹುರಿ ಬಿದ್ದಾಗಲೇ ಹೋಯಿತೋ, ಸಂಕದ ಮೇಲೆ ಹೋಯಿತೋ, ಈಗ ಯಾರೂ ಹೇಳಲಾರರು.

ಕಾಲು ಹಿಡಿದವರಲ್ಲಿ ಒಬ್ಬ ಈಗಲೂ ವಾರಕ್ಕೊಮ್ಮೆ ಬರುತ್ತಾನೆ. ಮಲಯಾಳಂ ಶಾಲೆಯಲ್ಲಿ ಕಲಿತವನು, ಕನ್ನಡ ಓದಲು ಬಾರದು. ಅದಕ್ಕೇ ಇಲ್ಲಿ ಧೈರ್ಯವಾಗಿ ಬರೆದೆ. ಎಲೆ ಅಡಿಕೆ ಬಾಯಿಗಿಟ್ಟು, ಅಂಗಳ ನೋಡುತ್ತಾ ಶುರು ಮಾಡುತ್ತಾನೆ: "ಆ ಇಂಜೆಕ್ಷನ್ ಸ್ವಲ್ಪ ಬೇಗ ಕೊಟ್ಟಿದ್ರೆ..."

ಅವನಿಗೆ ಮಾತ್ರ ನಾನು, "ಹೂಂ ಮಾರಾಯ, ತಡ ಆಯ್ತು ಕಾಣ್ತದೆ" ಅನ್ನುತ್ತೇನೆ.