ಗರ್ವಾಲೆ ಹಳ್ಳದಲ್ಲಿ ನಾಲ್ಕು ದಿನ ದುಡಿದ ಜೆಸಿಬಿ, ಆ್ಯಪಲ್ಲಿ ಮಾತ್ರ ಆಫ್

ಮೂರು ವರ್ಷದ ಹಿಂದೆ ಫೆಬ್ರವರಿಲಿ ಕೊಡಗಿನ ಮಾದಾಪುರದಿಂದ ಮಾವನ ಫೋನ್ ಬಂತು. ಭಾನುವಾರ ಬಿಟ್ರೆ ಅವರು ಫೋನ್ ಮಾಡೋರಲ್ಲ, ಅದೂ ನಾನು ಕೆಲಸದಲ್ಲಿರೋ ಹೊತ್ತಲ್ಲಿ. "ನಿಮ್ಮ ಆ್ಯಪಲ್ಲಿ ನಮ್ ಜೆಸಿಬಿ ನಾಲ್ಕು ದಿನ ಆಫ್ ಅಂತ ತೋರಿಸ್ತಿದೆ ಕಣೋ, ಐದನೇ ದಿನದ್ದು ಏನೂ ಇಲ್ಲ, ತೋಟದ ಸಾವ್ಕಾರ್ರು ಅದನ್ನೇ ಹಿಡ್ಕೊಂಡು ಬಾಡಿಗೆ ಕೊಡಲ್ಲ ಅಂತಿದ್ದಾರೆ" ಅಂದ್ರು. ಬೈಲಿಲ್ಲ, ಗಲಾಟೆನೂ ಮಾಡ್ಲಿಲ್ಲ. ಆ ಆ್ಯಪ್ ನಮ್ಮ ಆಫೀಸಿಂದು, ಮೆಷಿನ್ ಎಷ್ಟು ಹೊತ್ತು ಓಡ್ತು ಅಂತ ಅದಕ್ಕೆ ಕಳಿಸೋ ಟ್ರ್ಯಾಕರ್ ಡಬ್ಬ ಹಾಕಿಸಿ ಅಂತ ಹಿಂದೆ ಬಿದ್ದಿದ್ದು ನಾನು, ದಿನಾ ಸಾಯಂಕಾಲ ರಿಪೋರ್ಟನ್ನ ತೋಟದವರಿಗೆ ವಾಟ್ಸ್ಯಾಪ್ ಮಾಡಿ ಅಂತ ಹೇಳಿಕೊಟ್ಟಿದ್ದೂ ನಾನೇ, ಹಂಗಾಗಿ ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಕೆಲಸ ಗರ್ವಾಲೆ ಕಡೆ ಒಂದು ತೋಟದಲ್ಲಿ, ಕೆರೆ ಹೂಳು ತೆಗೆಯೋದು. ಕಾಫಿ ಹೂ ಅರಳಿಸೋ ಹೂ ಮಳೆನೇ ನಂಬ್ಕೊಂಡು ಕೂರೋಕ್ಕಾಗಲ್ಲ, ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಬಿಡ್ಬೇಕು ಅಂದ್ರೆ ಕೆರೆಲಿ ನೀರು ನಿಲ್ಬೇಕು, ಅದಕ್ಕೇ ಆ ತಿಂಗಳಲ್ಲಿ ಎಲ್ರಿಗೂ ಒಟ್ಟಿಗೇ ಜೆಸಿಬಿ ಬೇಕು. ಆ ಕೆರೆ ಇರೋದು ಹಳ್ಳದ ತಳದಲ್ಲಿ, ಅಲ್ಲಿ ಯಾವ ಸಿಮ್ಮಿಗೂ ಒಂದು ಕಡ್ಡಿ ಸಿಗ್ನಲ್ ಬರಲ್ಲ. ಮೆಷಿನ್ ರಾತ್ರಿನೂ ಅಲ್ಲೇ ನಿಂತಿರುತ್ತೆ, ಕೆಲಸ ಮುಗಿಸಿ ಮಾದಾಪುರದ ಕಡೆ ಹೊರಟ ಮೇಲೇ ಹೊರಗಿನ ಪ್ರಪಂಚಕ್ಕೆ ಸಿಗೋದು.

ಶನಿವಾರ ಊರಿಗೆ ಹೋದೆ. ಆಪರೇಟರ್ ಅಣ್ಣ ಸೀಟಿನ ಪಕ್ಕದಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದ್ರು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದು, ಪೆನ್ನನ್ನ ದಾರದಲ್ಲಿ ಕಟ್ಟಿದ್ರು, ಮೂಲೆಗಳಿಗೆಲ್ಲ ಗ್ರೀಸ್ ಹತ್ತಿತ್ತು. ದಿನಕ್ಕೊಂದು ಸಾಲು: ತಾರೀಕು, ಬೆಳಗ್ಗೆ ಎಂಜಿನ್ ಗಂಟೆ ಮೀಟರ್ ಎಷ್ಟು, ಸಾಯಂಕಾಲ ಎಷ್ಟು, ಪಕ್ಕದಲ್ಲಿ ತೋಟದ ಮೇಸ್ತ್ರಿ ಸಹಿ. ಮೊದಲನೇ ದಿನ ಬೆಳಗ್ಗೆ 1842.6, ನಾಲ್ಕನೇ ದಿನ ಸಾಯಂಕಾಲ 1873.5. ಅಂದ್ರೆ 30.9 ಗಂಟೆ. ಪಾಯಿಂಟ್ ಆದ್ಮೇಲಿನ ಒಂದು ಅಂಕಿ ಅಂದ್ರೆ 6 ನಿಮಿಷ, ಗಂಟೆ ಲೆಕ್ಕದ ಬಾಡಿಗೆಲಿ ಅದಕ್ಕೂ ಬೆಲೆ ಇದೆ.

ನಮ್ಮ ಹಳೇ ಸಿಸ್ಟಮ್ ಏನು ಮಾಡಿತ್ತು ಅಂತ ಲಾಗ್ ತೆಗೆದು ನೋಡ್ದೆ. ಟ್ರ್ಯಾಕರ್ ಅದರ ಕೆಲಸ ಸರಿಯಾಗೇ ಮಾಡಿತ್ತು, ಸಿಗ್ನಲ್ ಇಲ್ದಾಗ ಎಂಜಿನ್ ಓಡಿದಷ್ಟು ಹೊತ್ತು ನಿಮಿಷಕ್ಕೊಂದು ಪ್ಯಾಕೆಟ್, ಅಂದ್ರೆ ಸಣ್ಣ ಸಂದೇಶ, ತನ್ನ ಮೆಮೊರಿಲೇ ಇಟ್ಕೊಂಡು ಐದನೇ ದಿನ ಸಿಗ್ನಲ್ ಸಿಕ್ಕಿದ ತಕ್ಷಣ ಎಲ್ಲಾನೂ ಒಟ್ಟಿಗೆ ಕಳಿಸಿತ್ತು. ಸರ್ವರ್ ಮಾತ್ರ ಪ್ರತಿ ಪ್ಯಾಕೆಟ್ ಮೇಲೆ ತನಗೆ ತಲುಪಿದ ಟೈಮನ್ನ ಹಾಕ್ಕೊಂಡಿತ್ತು, ಮೆಷಿನ್ ದುಡಿದ ಟೈಮನ್ನಲ್ಲ. ಹಂಗಾಗಿ ನಾಲ್ಕು ದಿನದ ದುಡಿಮೆ ಒಂದೇ ಸಾಯಂಕಾಲಕ್ಕೆ ಬಂದು ಬಿತ್ತು, ಒಂದು ದಿನಕ್ಕೆ 24 ಗಂಟೆ ಮೀರಿದ್ರೆ ಅದು ತಪ್ಪು ಡೇಟಾ ಅಂತ ಯಾರೋ ಹಿಂದೆ ಬರೆದಿಟ್ಟ ರೂಲ್ ಇತ್ತು, ಅದು ಆ ಇಡೀ ದಿನವನ್ನೇ ತೆಗೆದು ಹಾಕಿತ್ತು. ಕಚ್ಚಾ ಲಾಗ್ ಫೈಲು ಇನ್ನೂ ಅಳಿಸಿರಲಿಲ್ಲ, ಪುಣ್ಯ. ಎಣಿಸಿದ್ರೆ 1849 ಪ್ಯಾಕೆಟ್, 30 ಗಂಟೆ 49 ನಿಮಿಷ, ನೋಟ್‌ಬುಕ್ಕಿಗೂ ಅದಕ್ಕೂ 5 ನಿಮಿಷ ವ್ಯತ್ಯಾಸ. ಎರಡನ್ನೂ ತಗೊಂಡೋಗಿ ತೋರಿಸಿದ್ಮೇಲೆ ಸಾವ್ಕಾರ್ರು ಪೂರ್ತಿ ಬಾಡಿಗೆ ಕೊಟ್ರು.

ಆಗಷ್ಟೇ ನಮ್ಮ ಆಫೀಸಲ್ಲಿ ಇಡೀ ಪ್ಲಾಟ್‌ಫಾರ್ಮನ್ನ ಹೊಸದು ಮಾಡೋ ಮಾತು ಶುರುವಾಗಿತ್ತು. ಎಲ್ರ ಕಣ್ಣೂ ಹೊಸ ಡ್ಯಾಶ್‌ಬೋರ್ಡ್, ಹೊಸ ಮ್ಯಾಪ್, ಕಂಟೈನರ್, ಇಂಥದ್ರ ಮೇಲೇ. ಅವೂ ಬೇಕು ಬಿಡಿ. ನಾನು ಕೇಳಿದ್ದು ಒಂದೇ, ಮೊದಲು ಟೈಮ್ ಸರಿ ಮಾಡೋಣ, ಲೇಟಾಗಿ ಬಂದ ಡೇಟಾ ಸುಳ್ಳು ಡೇಟಾ ಅಲ್ಲ ಅನ್ನೋದನ್ನ ಸಿಸ್ಟಮ್‌ಗೆ ಕಲಿಸೋಣ. ನೋಟ್‌ಬುಕ್ಕಿನ ಫೋಟೋ ಮೀಟಿಂಗಲ್ಲಿ ತೋರಿಸ್ದೆ, ಒಪ್ಕೊಂಡ್ರು.

ಹಳೇದನ್ನ ಒಂದೇ ಸಲ ಕಿತ್ತು ಹಾಕ್ಲಿಲ್ಲ. ತೋಟದಲ್ಲಿ ಗೋಳಿ ಮರ ನೋಡಿರ್ತೀರಿ, ಹಕ್ಕಿ ಬೀಳಿಸಿದ ಬೀಜ ಇನ್ನೊಂದು ಮರದ ಕೊಂಬೆಲೇ ಮೊಳೆತು, ಬೇರು ಕೆಳಗಿಳಿಸಿ, ನಿಧಾನಕ್ಕೆ ಆ ಮರವನ್ನೇ ಸುತ್ಕೊಂಡು ಕೊನೆಗೆ ತಾನೇ ನಿಲ್ಲುತ್ತೆ. ಸಾಫ್ಟ್‌ವೇರಲ್ಲಿ ಈ ವಿಧಾನಕ್ಕೆ ಆ ಜಾತಿ ಮರದ ಹೆಸರೇ ಇದೆ, ಸ್ಟ್ರ್ಯಾಂಗ್ಲರ್ ಫಿಗ್ ಅಂತ, ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ ಇಟ್ಟಿದ್ದು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾಡಲ್ಲಿ ಅಂಥ ಮರಗಳನ್ನ ನೋಡಿ. ನಾವೂ ಹಾಗೇ ಮಾಡಿದ್ವಿ. ಟ್ರ್ಯಾಕರ್‌ಗಳಿಂದ ಬರೋದೆಲ್ಲಾನೂ ಮೊದಲು ಕಾಫ್ಕಾ ಅನ್ನೋ, ಬಂದಿದ್ದನ್ನ ಸಾಲಾಗಿ ಹಿಡಿದಿಡೋ ಕ್ಯೂಗೆ ಹಾಕಿ, ಅಲ್ಲಿಂದ ಹಳೇ ಸಿಸ್ಟಮ್‌ಗೂ ಹೊಸದಕ್ಕೂ ಕೊಟ್ವಿ, ದಿನಾ ಬೆಳಗ್ಗೆ ಎರಡರ ಗಂಟೆ ಲೆಕ್ಕವನ್ನ ಮೆಷಿನ್ ಮೆಷಿನ್‌ಗೂ ಪಕ್ಕಪಕ್ಕ ಇಟ್ಟು ನೋಡ್ತಿದ್ವಿ. ಬಯಲುಸೀಮೆ ಮೆಷಿನ್‌ಗಳಲ್ಲಿ ಹೆಚ್ಚು ವ್ಯತ್ಯಾಸ ಇರ್ತಿರ್ಲಿಲ್ಲ, ಕೊಡಗು ಚಿಕ್ಕಮಗಳೂರಿನವು ಬಂದ್ರೆ ಸಾಲುಸಾಲು ಕೆಂಪು.

ಟ್ರ್ಯಾಕರ್ ಹೇಳೋ ಟೈಮನ್ನೇ ನಂಬೋಣ ಅಂದ್ರೆ ಅದ್ರಲ್ಲೂ ತೊಡಕು. ಕೆಲವು ಹಳೇ ಡಬ್ಬಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ಕಳಿಸ್ತಿದ್ವು. ಜಿಪಿಎಸ್ 1024 ವಾರ ಮಾತ್ರ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತೆ, ಹಾಗೆ ಎರಡನೇ ಸಲ ತಿರುಗಿದ್ದು 2019ರ ಏಪ್ರಿಲ್ 6ಕ್ಕೆ, ಫರ್ಮ್‌ವೇರ್ ಅಪ್‌ಡೇಟ್ ಆಗದ ಡಬ್ಬಗಳು 1024 ವಾರ ಹಿಂದಕ್ಕೆ ಹೋಗಿ ಅಷ್ಟೇ ಹಿಂದೆ ಉಳ್ಕೊಂಡಿವೆ. ಅಂಥವನ್ನ ಗುರುತಿಸಿ 1024 ವಾರ ಕೂಡಿಸೋ ಹಾಗೆ ಮಾಡಿದ್ವಿ.

ಇನ್ನೊಂದು ನನಗೆ ತುಂಬಾ ನೋವು ಕೊಟ್ಟಿದ್ದು. 2018ರ ಆಗಸ್ಟಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳೇ ಇಳಿದು ಬಂದಾಗ ಮಾವನ ಮೆಷಿನ್ ರಾತ್ರಿಯೆಲ್ಲ ಗುಡ್ಡದ ಬರೆ ಕುಸಿದ ಮಣ್ಣು ತೆಗೆದಿದೆ. ಆಗಿನ ಡೇಟಾ ತೆಗೆದು ನೋಡಿದ್ರೆ ಮಧ್ಯರಾತ್ರಿಯಿಂದ ಬೆಳಗ್ಗೆ ಐದೂವರೆ ತನಕ ಮಾಡಿದ ಕೆಲಸ ಪೂರ್ತಿ ಹಿಂದಿನ ದಿನದ ಲೆಕ್ಕಕ್ಕೆ ಹೋಗಿದೆ, ಯಾಕಂದ್ರೆ ಸರ್ವರ್‌ಗೆ ದಿನ ಬದಲಾಗೋದು ಯುಟಿಸಿ ಅನ್ನೋ ಜಾಗತಿಕ ಸಮಯದ ಪ್ರಕಾರ, ಅಲ್ಲಿ ಮಧ್ಯರಾತ್ರಿ ಅಂದ್ರೆ ನಮಗೆ ಬೆಳಗ್ಗೆ 5:30. ಮಳೆಲಿ ಹೆಡ್‌ಲೈಟ್ ಹಾಕ್ಕೊಂಡು ದುಡಿದವರ ರಾತ್ರಿ ಅದು, ತಾರೀಕಾದ್ರೂ ಸರಿಯಾಗಿ ಬರ್ಬೇಕಿತ್ತು.

ಹೊಸ ಸಿಸ್ಟಮ್ ಮೊದಲ ಸಲ ಈ ಕಡೆ ಬಿಟ್ಟಾಗ ನಾನು ಜೀಪಲ್ಲಿ ಜೆಸಿಬಿ ಹಿಂದೆನೇ ಬಂದೆ, ತೊಡೆ ಮೇಲೆ ಲ್ಯಾಪ್‌ಟಾಪ್. ಮಾದಾಪುರಕ್ಕಿಂತ ಮುಂಚೆ ಒಂದು ತಿರುವಿದೆ, ಅಲ್ಲಿ ಫೋನುಗಳೆಲ್ಲ ಒಟ್ಟಿಗೇ ಸದ್ದು ಮಾಡ್ತವೆ. ಅಲ್ಲಿಗೆ ಬಂದಿದ್ದೇ ತಡ ಪ್ಯಾಕೆಟ್‌ಗಳು ಬರೋಕೆ ಶುರು, ಮಧ್ಯ ಸಿಗ್ನಲ್ ಹೋಯ್ತು, "ಡೇಟಾ ಸಿಕ್ಕಿತು" ಅನ್ನೋ ಸರ್ವರ್ ಉತ್ತರ ಟ್ರ್ಯಾಕರ್‌ಗೆ ತಲುಪದೆ ಅದು ಕಳಿಸಿದ್ದನ್ನೇ ಮತ್ತೆ ಕಳಿಸ್ತು, ಆದ್ರೆ ಈಗ ಪ್ರತಿಯೊಂದಕ್ಕೂ ಕ್ರಮಸಂಖ್ಯೆ ನೋಡ್ತೀವಲ್ಲ, ಎರಡು ಸಲ ಬಂದಿದ್ದು ಒಂದೇ ಸಲ ಲೆಕ್ಕಕ್ಕೆ ಬಂತು. ಆ್ಯಪಲ್ಲಿ ಮೂರು ದಿನದ ಖಾಲಿ ಚೌಕಗಳು ನಮ್ಮ ಕಣ್ಣೆದುರೇ ಒಂದೊಂದಾಗಿ ಹಸಿರಾದ್ವು. ಡ್ರೈವರ್‌ಗೆ ಗಾಡಿ ಸೈಡಿಗೆ ಹಾಕಿ ಅಂದೆ, ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ.

ಆ ಚೌಕದ ಬಣ್ಣದ ಬಗ್ಗೆ ಒಂದು ಮಾತು. ಮೊದ್ಲು ಎರಡೇ ಇತ್ತು, ಹಸಿರು ಅಂದ್ರೆ ಆನ್, ಕೆಂಪು ಅಂದ್ರೆ ಆಫ್. ಈಗ ಬೂದು ಬಣ್ಣ ಸೇರಿಸಿದ್ದೀವಿ, "ಇನ್ನೂ ಮಾಹಿತಿ ಬಂದಿಲ್ಲ" ಅಂತ. ನನ್ನ ಪ್ರಕಾರ ಇಡೀ ಪ್ರಾಜೆಕ್ಟಲ್ಲಿ ದೊಡ್ಡ ಕೆಲಸ ಅಂದ್ರೆ ಇದೇ.

ಗಂಟೆ ಲೆಕ್ಕವನ್ನೂ ಬದಲಾಯಿಸಿದ್ವಿ. ಪ್ಯಾಕೆಟ್ ಎಣಿಸೋದು ಬಿಟ್ಟು, ಎಲೆಕ್ಟ್ರಾನಿಕ್ ಎಂಜಿನ್ ಇರೋ ಮೆಷಿನ್‌ಗಳಲ್ಲಿ ಎಂಜಿನ್ ಕಂಪ್ಯೂಟರ್ ಮಾಹಿತಿ ಕಳಿಸೋ ಜೆ1939 ಅನ್ನೋ ಲೈನಿಂದ ಒಟ್ಟು ಎಂಜಿನ್ ಗಂಟೆಯನ್ನೇ ಓದ್ತೀವಿ, ಅದು 0.05 ಗಂಟೆ ಅಂದ್ರೆ 3 ನಿಮಿಷದ ನಿಖರತೆಲಿ ಸಿಗುತ್ತೆ. ಬೇರೆ ಬೇರೆ ಕಂಪನಿ ಮೆಷಿನ್‌ಗಳ ಮಾಹಿತಿಯನ್ನ ಒಂದೇ ರೂಪದಲ್ಲಿ ತರೋಕೆ ಇರೋ ಐಎಸ್‌ಒ 15143-3 ಅನ್ನೋ ಮಾನದಂಡದಲ್ಲೂ ಕೇಳೋದು ಈ ಒಟ್ಟು ಗಂಟೆನೇ. ಮಧ್ಯ ನೂರು ಪ್ಯಾಕೆಟ್ ಕಳೆದೋದ್ರೂ ಬೆಳಗಿನ ರೀಡಿಂಗ್, ಸಾಯಂಕಾಲದ ರೀಡಿಂಗ್ ಇದ್ರೆ ಸಾಕು, ಕಳೆದ್ರೆ ಲೆಕ್ಕ ಸಿಗುತ್ತೆ. ಆಪರೇಟರ್ ಅಣ್ಣ ನೋಟ್‌ಬುಕ್ಕಲ್ಲಿ ಬರೀತಿದ್ದಿದ್ದೂ ಅದನ್ನೇ.

ಮಾವ ಈಗ್ಲೂ ತಿಂಗಳ ಕೊನೆಗೆ ಆ ಪುಟದ ಫೋಟೋ ಕಳಿಸ್ತಾರೆ, ನಾನು ಆ್ಯಪ್ ಜೊತೆ ತಾಳೆ ನೋಡ್ತೀನಿ. ಹೋದ ತಿಂಗಳು ಹೊಸ ಮೆಷಿನ್ನಿಂದು ಸರಿ ಇತ್ತು, ಹಳೇದ್ರದ್ದು ಎರಡು ಗಂಟೆ ಕಡಿಮೆ. ಅದ್ರಲ್ಲಿ ಜೆ1939 ಇಲ್ಲ, ಎಂಜಿನ್ ಓಡ್ತಿದೆಯಾ ಅನ್ನೋದನ್ನ ಆಲ್ಟರ್ನೇಟರ್ ಚಾರ್ಜಿಂಗ್ ವೈರಿಂದ ತಗೋಬೇಕು, ಆ ವೈರ್ ಎಲ್ಲೋ ಲೂಸ್ ಆಗಿದೆ ಅನ್ಸುತ್ತೆ. ಶನಿವಾರ ಹೋಗ್ತಿದ್ದೀನಿ, ಮಳೆ ಹಿಡಿಯೋಕೆ ಮುಂಚೆ ಮುಗಿಸ್ಬೇಕು.