ನೈಟ್ಸ್ ಗೆದ್ದ ದಿನ

28 ಸೆಪ್ಟೆಂಬರ್ 2024, ಶನಿವಾರ
ನ್ಯೂಕ್ಯಾಸಲ್, ಆಸ್ಟ್ರೇಲಿಯಾ

ಮಧ್ಯಾಹ್ನ ಊಟ ಆಗಿತ್ತಷ್ಟೇ, ಪಕ್ಕದ್ಮನೆ ಅಜ್ಜ ಬೇಲಿ ಹತ್ರ ನಿಂತು ಕರೆದ್ರು, ಬಾ ಮ್ಯಾಚ್ ಹಾಕ್ತೀನಿ ಅಂತ. ಯಾವ ಮ್ಯಾಚು ಅಂತ ಕೇಳೋ ಹಾಗೇ ಇಲ್ಲ, ಪ್ರತಿ ವರ್ಷ ಈ ತಾರೀಕು ಬಂದ್ರೆ ಅವ್ರ ಮನೇಲಿ ಒಂದೇ ಮ್ಯಾಚು, ನಮ್ಮೂರ ನೈಟ್ಸ್ ಟೀಮು ಗೆದ್ದ 1997ರ ರಗ್ಬಿ ಲೀಗ್ ಗ್ರ್ಯಾಂಡ್ ಫೈನಲ್ಲು. ಆವತ್ತು ಟೀವಿಯಿಂದ ರೆಕಾರ್ಡ್ ಮಾಡ್ಕೊಂಡಿದ್ದ ಕ್ಯಾಸೆಟ್ಟನ್ನ ಮಗಳು ಪೆನ್ ಡ್ರೈವಿಗೆ ಹಾಕಿಸಿಕೊಟ್ಟಿದಾಳೆ, ಆದ್ರೂ ಕ್ಯಾಸೆಟ್ಟು ಟೀವಿ ಪಕ್ಕದಲ್ಲೇ ಇದೆ, ಲೇಬಲ್ ಮೇಲೆ ಬರೆದಿದ್ದೆಲ್ಲ ಮಾಸಿಹೋಗಿ 22-16 ಅನ್ನೋದೊಂದೇ ಓದಕ್ಕೆ ಬರತ್ತೆ.

ನಮ್ಮ ಕಡೆಯವರಿಗೆ ರಗ್ಬಿ ಲೀಗ್ ಅಂದ್ರೆ ಗೊತ್ತಿರಲ್ಲ, ನಂಗೂ ಇಲ್ಲಿಗೆ ಬರೋ ತನಕ ಗೊತ್ತಿರ್ಲಿಲ್ಲ. ಒಂದು ಟೀಮಿಗೆ 13 ಜನ, ಚೆಂಡು ಕೈಲಿ ಹಿಡ್ಕೊಂಡು ಓಡ್ಬೇಕು, ಕೈಯಿಂದ ಪಾಸ್ ಮಾಡೋದಾದ್ರೆ ಹಿಂದಕ್ಕೇ ಕೊಡ್ಬೇಕು, ಎದುರಾಳಿ ಕಬಡ್ಡಿ ತರ ಹಿಡಿದು ಕೆಡವ್ತಾರೆ, ಆರು ಸಲ ಕೆಡವಿದ್ರೆ ಚೆಂಡು ಅವರ ಪಾಲು. ಗೆರೆ ದಾಟಿ ಚೆಂಡನ್ನ ನೆಲಕ್ಕೆ ಊರಿದ್ರೆ ಟ್ರೈ, ನಾಲ್ಕು ಪಾಯಿಂಟು. ಇಷ್ಟು ಗೊತ್ತಿದ್ರೆ ಸಾಕು, ಮಿಕ್ಕಿದ್ದು ನೋಡ್ತಾ ನೋಡ್ತಾ ಬರತ್ತೆ.

ಈ ಊರಿಗೆ ಈ ಆಟ ಹೊಸದೇನಲ್ಲ. 1908ರಲ್ಲಿ ಸಿಡ್ನಿ ಲೀಗ್ ಶುರುವಾದಾಗ ಮೊದಲ್ನೇ ವರ್ಷಾನೇ ನ್ಯೂಕ್ಯಾಸಲ್ ಟೀಮ್ ಇತ್ತು, ಎರಡು ಸೀಸನ್ ಆಡಿ ನಮ್ಮದೇ ಲೀಗ್ ಮಾಡ್ಕೋತೀವಿ ಅಂತ ವಾಪಸ್ ಬಂದ್ಬಿಟ್ರು. ಆಮೇಲೆ ಹೆಚ್ಚುಕಡಿಮೆ 80 ವರ್ಷ ಇಲ್ಲಿ ಚೆನ್ನಾಗಿ ಆಡೋ ಹುಡುಗ್ರು ಹೆಸರು ಮಾಡ್ಬೇಕು ಅಂದ್ರೆ ಸಿಡ್ನಿಗೇ ಹೋಗ್ಬೇಕಿತ್ತು. 1988ರಲ್ಲಿ ನ್ಯೂಕ್ಯಾಸಲ್ ನೈಟ್ಸ್ ಬಂತು, ಕೆಂಪು ನೀಲಿ ಜರ್ಸಿ. ಮರು ವರ್ಷ ಡಿಸೆಂಬರ್ 28ಕ್ಕೆ ಭೂಕಂಪ ಆಗಿ 13 ಜನ ಸತ್ರು, ಅದರಲ್ಲಿ 9 ಜನ ವರ್ಕರ್ಸ್ ಕ್ಲಬ್ ಒಂದರಲ್ಲೇ. ಹ್ಯಾಮಿಲ್ಟನ್ನಿನ ಬೋಮಾಂಟ್ ಸ್ಟ್ರೀಟಲ್ಲಿ ಕಾಫಿ ಕುಡಿಯೋವಾಗೆಲ್ಲ ಇಲ್ಲೇ ಅಲ್ವಾ ಕಟ್ಟಡಗಳು ಬಿದ್ದಿದ್ದು ಅಂತ ನೆನಪಾಗತ್ತೆ.

ಆಮೇಲೆ 1995ರಿಂದ ದುಡ್ಡಿನ ಜಗಳ. ಟೀವಿ ಪೇಪರ್ ದೊರೆ ಮರ್ಡಾಕ್ ಕಂಪನಿ ಸೂಪರ್ ಲೀಗ್ ಅಂತ ಬೇರೆ ಟೂರ್ನಮೆಂಟ್ ಕಟ್ತು, ಆಟಗಾರರಿಗೆ ರಾತ್ರೋರಾತ್ರಿ ಕಂಡು ಕೇಳರಿಯದ ಸಂಬಳ, ಕ್ಲಬ್ಬುಗಳು ಎರಡು ಪಾಲಾದ್ವು. ನೈಟ್ಸ್ ಹಳೇ ಲೀಗಲ್ಲೇ ಉಳೀತು, ಕ್ಯಾಪ್ಟನ್ ಪಾಲ್ ಹ್ಯಾರಗನ್, ಸೆಸ್‌ನಾಕ್‌ನ ಜಾನ್ಸ್ ಅಣ್ಣತಮ್ಮಂದಿರು ಇಬ್ರೂ ಇಲ್ಲೇ ನಿಂತ್ರು. ಸೂಪರ್ ಲೀಗಿನವರು ಇದೇ ಊರಲ್ಲಿ ಹಂಟರ್ ಮೆರೈನರ್ಸ್ ಅಂತ ಪೋಟಿಗೆ ಇನ್ನೊಂದು ಟೀಮ್ ಇಳಿಸಿದ್ರು, ಜನ ಆ ಕಡೆ ತಲೆ ಹಾಕ್ಲಿಲ್ಲ, ಒಂದೇ ಸೀಸನ್ನಿಗೆ ಮುಚ್ಚಿಹೋಯ್ತು. ಆ ಆಟಗಾರರ ಬಗ್ಗೆ ನಂಗೆ ಪಾಪ ಅನ್ಸತ್ತೆ, ಆಡಿದ್ದೇನೂ ಕೆಟ್ಟದಾಗಿರ್ಲಿಲ್ಲ, ವರ್ಲ್ಡ್ ಕ್ಲಬ್ ಚಾಂಪಿಯನ್‌ಶಿಪ್ ಫೈನಲ್ ತನಕ ಹೋಗಿದ್ರು.

ಅದೇ 1997ರ ಏಪ್ರಿಲಲ್ಲಿ ಬಿಎಚ್‌ಪಿ ಕಂಪನಿ ಹೇಳ್ತು, ಸ್ಟೀಲ್ ಕಾರ್ಖಾನೆ ಮುಚ್ತೀವಿ ಅಂತ. 1915ರಿಂದ ನಡೀತಿದ್ದ ಕಾರ್ಖಾನೆ, ಅಪ್ಪ ಮಗ ಮೊಮ್ಮಗ ಅಂತ ಮೂರು ತಲೆಮಾರು ದುಡಿದ ಮನೆಗಳು ಮೇಫೀಲ್ಡ್ ತುಂಬಾ ಇದ್ವು. ಅಜ್ಜ ಅಲ್ಲಿ ಕೋಕ್ ಓವನ್ನಲ್ಲಿದ್ರು. ಇದನ್ನ ಕೇಳಿದಾಗ ನಂಗೆ ಬೇರೆ ಯಾರೂ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ, ನಾನು ಹುಟ್ಟಿ ಬೆಳೆದಿದ್ದು ಭದ್ರಾವತೀಲಿ, ಕಾರ್ಖಾನೆ ಸೈರನ್ ಕೂಗಿದ್ರೆ ಅಮ್ಮ ಅಕ್ಕಿ ತೊಳೆಯೋಳು, ಅಪ್ಪನ ಶಿಫ್ಟ್ ನೋಡ್ಕೊಂಡೇ ನಮ್ಮನೇಲಿ ಮದುವೆ ಮುಂಜಿಗೆ ಹೊರಡೋದು. ಕಬ್ಬಿಣದ ಊರಿಗೆ ಕಾರ್ಖಾನೆ ಮುಚ್ಚತ್ತೆ ಅನ್ನೋ ಮಾತು ಹೇಗೆ ಬಂದು ಬೀಳತ್ತೆ ಅಂತ ನಂಗೆ ಗೊತ್ತು.

ಆ ಮಾತು ಬಂದು ಐದು ತಿಂಗಳಿಗೆ ಈ ಮ್ಯಾಚು. ಎದುರಿಗೆ ಸಿಡ್ನಿಯ ಮ್ಯಾನ್ಲಿ ಟೀಮು, ಹಿಂದಿನ ವರ್ಷದ ಚಾಂಪಿಯನ್ನು, ಅವರ ಕೈಲಿ ನೈಟ್ಸ್ ಸತತವಾಗಿ 11 ಮ್ಯಾಚ್ ಸೋತಿತ್ತು. ಆಂಡ್ರ್ಯೂ ಜಾನ್ಸ್‌ಗೆ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೇ ಚುಚ್ಚಿತ್ತು, ಇಂಜೆಕ್ಷನ್ ತಗೊಂಡು ಇಳಿದಿದ್ದ. ಹಾಫ್ ಟೈಮಿಗೆ ಮ್ಯಾನ್ಲಿ 16, ನೈಟ್ಸ್ 8. ಅಜ್ಜ ಇಷ್ಟು ಸಲ ನೋಡಿದಾರೆ, ಆದ್ರೂ ಈ ಜಾಗ ಬಂದಾಗ ಕುರ್ಚಿ ತುದಿಗೆ ಸರೀತಾರೆ. ರಾಬಿ ಓ'ಡೇವಿಸ್ ಎರಡ್ನೇ ಟ್ರೈ ಹಾಕಿ 16-16 ಆಯ್ತು, ಗಡಿಯಾರ ಮುಗೀತಾ ಬಂತು, ಎಲ್ರೂ ಎಕ್ಸ್ಟ್ರಾ ಟೈಮ್ ಅಂದ್ಕೊಂಡಿದಾರೆ. ಆಗ ಆಂಡ್ರ್ಯೂ ಜಾನ್ಸ್ ಚೆಂಡು ಎತ್ಕೊಂಡು ಎಲ್ರೂ ನೋಡ್ತಿದ್ದ ಕಡೆ ಬಿಟ್ಟು ಇಕ್ಕಟ್ಟಾದ ಕಡೆಗೇ ಓಡಿದ. ಆ ಕಡೆ ಏನೂ ಇಲ್ಲ ಅಂತ ನಿಮಗೂ ಅನ್ಸತ್ತೆ, ನಂಗೂ ಮೊದಲ ಸಲ ಅನ್ಸಿತ್ತು, ಅಷ್ಟರಲ್ಲಿ ಒಳಗಡೆ ಡ್ಯಾರನ್ ಆಲ್ಬರ್ಟ್ ಬರ್ತಾ ಇದಾನೆ, ಪಾಸ್ ಸಿಕ್ತು, ಮುಂದೆ ಯಾರೂ ಇಲ್ಲ. ಇನ್ನು ಹತ್ತು ಸೆಕೆಂಡೂ ಉಳಿದಿರ್ಲಿಲ್ಲ.

ಕನ್ವರ್ಷನ್ನೂ, ಅಂದ್ರೆ ಟ್ರೈ ಆದ್ಮೇಲೆ ಚೆಂಡು ಒದ್ದು ಗಳಿಸೋ ಎರಡು ಪಾಯಿಂಟೂ ಸೇರಿ 22-16. ನೈಟ್ಸ್‌ನ ಮೊದಲ್ನೇ ಚಾಂಪಿಯನ್‌ಶಿಪ್ಪು. ಅದರಿಂದ ಕಾರ್ಖಾನೆ ಉಳೀಲಿಲ್ಲ, 1999ರ ಸೆಪ್ಟೆಂಬರಲ್ಲಿ ಮುಚ್ಚೇ ಮುಚ್ತು. ಆದ್ರೆ ಅಜ್ಜ ಹೇಳೋದೇನಂದ್ರೆ, 1997ರಲ್ಲಿ ಪೇಪರಲ್ಲಿ ನಮ್ಮೂರ ಹೆಸರು ಬಂದಾಗೆಲ್ಲ ಅಯ್ಯೋ ಅನ್ನೋ ತರಾನೇ ಬರ್ತಿತ್ತು, ಆವತ್ತೊಂದಿನ ನಮ್ಮನ್ನ ನೋಡಿ ಯಾರೂ ಅಯ್ಯೋ ಅನ್ಲಿಲ್ಲ.

2001ರಲ್ಲಿ ಪ್ಯಾರಮಾಟಾನ 30-24ರಲ್ಲಿ ಸೋಲಿಸಿ ಇನ್ನೊಂದು ಸಲ ಗೆದ್ರು. 2007ರಲ್ಲಿ ಜಾನ್ಸ್ ಕುತ್ತಿಗೆ ನೋವಿಗೆ ಆಟ ಬಿಟ್ಟ, ಮಧ್ಯೆ ಒಬ್ಬ ಗಣಿ ಶ್ರೀಮಂತ ಕ್ಲಬ್ ಕೊಂಡು ಮೂರು ವರ್ಷಕ್ಕೆ ಕೈಬಿಟ್ಟ, 2015ರಿಂದ 17ರ ತನಕ ಮೂರು ವರ್ಷ ಸತತವಾಗಿ ಕೊನೇ ಸ್ಥಾನ. ಅಜ್ಜ ಆ ಮೂರು ವರ್ಷಾನೂ ಸೀಸನ್ ಟಿಕೆಟ್ ತಗೊಂಡಿದ್ರಂತೆ. ಹುಡುಗೀರ ಟೀಮಂತೂ ಮೊದಲ ಸೀಸನ್ನಲ್ಲಿ ಒಂದೂ ಮ್ಯಾಚ್ ಗೆಲ್ದೇ ಇದ್ದಿದ್ದು, ಮುಂದಿನ ಸೀಸನ್ನಲ್ಲೇ ಚಾಂಪಿಯನ್, 2023ರಲ್ಲಿ ಮತ್ತೆ ಚಾಂಪಿಯನ್! ಇದನ್ನ ಯಾಕೆ ಜನ ಇನ್ನೂ ಜೋರಾಗಿ ಹೇಳಲ್ವೋ ನಂಗರ್ಥ ಆಗಲ್ಲ, ನನ್ನ ಮಗಳಿಗೆ ಗೊತ್ತಿರೋ ನೈಟ್ಸ್ ಅಂದ್ರೆ ಇವರೇ.

ಮ್ಯಾಚ್ ಮುಗಿದ್ಮೇಲೆ ಅಜ್ಜಿ ಟೀ ತಂದ್ಕೊಟ್ರು. ನೀವು ಆವತ್ತು ಎಲ್ಲಿ ಕೂತು ನೋಡಿದ್ರಿ ಅಂತ ಕೇಳ್ದೆ. ನಾನು ನೋಡ್ಲೇ ಇಲ್ಲ ಅಂದ್ರು. 16-16 ಆದ್ಮೇಲೆ ಎದೆ ಹೊಡ್ಕೊಳೋದು ತಡೀಲಾರದೆ ಹಿತ್ತಲಿಗೆ ಹೋಗಿ ಒಣಗಿದ್ದ ಬಟ್ಟೆ ತೆಗೀತಾ ನಿಂತಿದ್ರಂತೆ. ಒಂದು ಕಾರಿಲ್ಲ, ಒಂದು ನಾಯಿ ಬೊಗಳ್ತಿಲ್ಲ, ಇಡೀ ಬೀದಿ ಗಪ್‌ಚಿಪ್. ಇವರ ಶಿಫ್ಟ್ ಶರ್ಟಿನ ಒಂದು ಕ್ಲಿಪ್ಪು ತೆಗ್ದು ಇನ್ನೊಂದಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳೆಲ್ಲ ಒಂದೇ ಸಲಕ್ಕೆ ಕೂಗಿದ್ವು ಅಂದ್ರು.