ಕೆರೆಯ ಹುಳು, ಕಡಲ ಹುಳು

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ಹೂವಿಗೆಂದು ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ನಾನು ಹಗಲಿನ ಬಹುಪಾಲು ನಮ್ಮ ತೋಟದ ಕೆರೆಯ ದಂಡೆಯಲ್ಲಿಯೇ ಇರುತ್ತೇನೆ. ಮೂರು ವರ್ಷಗಳ ಹಿಂದೆ, ಸಡಿಲವಾಗಿದ್ದ ಪೈಪನ್ನು ನಾನು ಗಮನಿಸದೆ ಬಿಟ್ಟಿದ್ದರಿಂದ ಪಂಪಿನಿಂದ ಒಂದು ಲೋಟದಷ್ಟು ಡೀಸೆಲ್ ನೀರಿಗೆ ಸೋರಿತು. ಕಾಮನಬಿಲ್ಲಿನ ಬಣ್ಣದ ಪೊರೆಯೊಂದು ನೋಡನೋಡುತ್ತಿದ್ದಂತೆ ಹರಡಿತು. ಅದು ತಲುಪಿದ ಕಡೆಯಲ್ಲೆಲ್ಲ, ಅದುವರೆಗೆ ಉದ್ದನೆಯ ಕಾಲುಗಳನ್ನು ಚಾಚಿಕೊಂಡು ನೀರಿನ ಮೇಲೆ ಜಾರಾಡುತ್ತಿದ್ದ ಹುಳುಗಳು ಕಾಲು ಕುಸಿದು, ಮಗುಚಿಕೊಂಡು, ಮುಳುಗಿದವು. ನೀರಿನ ಮೇಲ್ಮೈಯೇ ಅವುಗಳಿಗೆ ನೆಲವಾಗಿತ್ತು ಎಂಬುದು ಆ ನೆಲ ಹೋದಾಗ ನನಗೆ ತಿಳಿಯಿತು.

ಈ ಮೇಲ್ಪೊರೆಯನ್ನು ಆಶ್ರಯಿಸಿದ ಜೀವಿಗಳಿಗೆ ವಿಜ್ಞಾನದಲ್ಲಿ ನ್ಯೂಸ್ಟನ್ ಎಂಬ ಹೆಸರಿದೆ. ಇಂದು ಈ ಪದವನ್ನು ಹೆಚ್ಚಾಗಿ ಕಡಲಿನ ಸಂಬಂಧದಲ್ಲಿ ಬಳಸುತ್ತಾರಾದರೂ, 1917ರಲ್ಲಿ ಸ್ವೀಡನ್ನಿನ ಐನಾರ್ ನೌಮನ್ ಅದನ್ನು ಬಳಕೆಗೆ ತಂದದ್ದು ಸಿಹಿನೀರಿನ ಜೀವಿಗಳಿಗಾಗಿ. ಕೆರೆಯ ಪಕ್ಷದವನಾದ ನನಗೆ ಇದು ಸಣ್ಣದೊಂದು ಸಮಾಧಾನ.

ನಮ್ಮ ಕೆರೆಯ ಹುಳುವಿನ ಕುಟುಂಬಕ್ಕೇ ಸೇರಿದ ಹ್ಯಾಲೊಬೇಟಿಸ್ ಎಂಬ ಕೀಟವು ಕಡಲಿನ ಮೇಲೆ ಬದುಕುತ್ತದೆ. ಇದರಲ್ಲಿ ನಲವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ಹೆಚ್ಚಿನವು ದಡದ ಆಸುಪಾಸನ್ನೂ ಕಾಂಡ್ಲಾ ಕಾಡುಗಳನ್ನೂ ಬಿಟ್ಟು ಹೋಗುವುದಿಲ್ಲ. ಐದು ಪ್ರಭೇದಗಳು ಮಾತ್ರ ದಡವೇ ಕಾಣದ ನಡುಗಡಲಿನಲ್ಲಿ ಹುಟ್ಟಿ, ಬೆಳೆದು, ಸಾಯುತ್ತವೆ. ನೆಲದ ಮೇಲೆ ಲಕ್ಷಗಟ್ಟಲೆ ಬಗೆಗಳಾಗಿ ಹಬ್ಬಿರುವ ಕೀಟಕುಲದಲ್ಲಿ ತೆರೆದ ಸಾಗರವನ್ನು ಮನೆ ಮಾಡಿಕೊಂಡವು ಈ ಐದೇ. ಮೈ ಅರ್ಧ ಸೆಂಟಿಮೀಟರಿನಷ್ಟು, ರೆಕ್ಕೆಗಳಿಲ್ಲ, ಮೈತುಂಬ ಇರುವ ಅತಿಸೂಕ್ಷ್ಮ ರೋಮಗಳು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ತೆರೆ ಮೇಲೆ ಬಿದ್ದರೂ ಅದು ಒದ್ದೆಯಾಗುವುದಿಲ್ಲ. ಮೊಟ್ಟೆಯಿಡಲು ಮಾತ್ರ ಏನಾದರೊಂದು ಗಟ್ಟಿ ವಸ್ತು ಬೇಕು: ಹಕ್ಕಿಯ ಗರಿ, ಮರದ ಚೂರು, ಈಚೆಗೆ ಪ್ಲಾಸ್ಟಿಕ್ಕಿನ ತುಣುಕು.

ನಮ್ಮ ತೋಟದ ತೋಡು ಬರಪೊಳೆಯನ್ನು ಸೇರುತ್ತದೆ; ಬರಪೊಳೆಯ ನೀರು ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಹೋದ ವರ್ಷ ಮಳೆ ಬಿಟ್ಟ ಮೇಲೆ ಮನೆಯವರೆಲ್ಲ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಿದ್ದಾಗ, ಪಯ್ಯಾಂಬಲಂ ಕಡಲತೀರದಲ್ಲಿ ತಂಗಿಯ ಮಗಳು "ಮಾವ, ಯಾರದೋ ಅಂಗಿಯ ಗುಂಡಿ ಬಿದ್ದಿದೆ" ಎಂದು ಕೂಗಿದಳು. ಅದು ಪಾರ್ಪಿಟಾ ಆಗಿತ್ತು. ಇಂಗ್ಲಿಷಿನವರೂ ಅದನ್ನು ನೀಲಿ ಗುಂಡಿ ಎಂದೇ ಕರೆಯುತ್ತಾರೆ. ಎರಡು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ, ಸುತ್ತಲೂ ಕಡುನೀಲಿ ಎಳೆಗಳು. ಒಂದೇ ಪ್ರಾಣಿಯಂತೆ ಕಂಡರೂ ಅದೊಂದು ಕೂಡುಕುಟುಂಬ: ಗಾಳಿ ತುಂಬಿದ ಬಿಲ್ಲೆಯ ಕೆಳಗೆ ಉಣ್ಣುವ ಕೆಲಸ ಕೆಲವರದು, ಬೇಟೆಯದು ಕೆಲವರದು, ಸಂತಾನದ ಹೊಣೆ ಇನ್ನು ಕೆಲವರದು.

ಈ ಗುಂಡಿಯನ್ನು ತಿನ್ನುವವರೂ ಅದೇ ಪದರದಲ್ಲಿದ್ದಾರೆ. ಜಾಂತಿನಾ ಎಂಬ ನೇರಳೆ ಬಣ್ಣದ ಬಸವನಹುಳು ತನ್ನ ಲೋಳೆಯಲ್ಲಿ ಗಾಳಿಗುಳ್ಳೆಗಳನ್ನು ಸುತ್ತಿ ತೆಪ್ಪ ಕಟ್ಟಿಕೊಂಡು, ಅದರಿಂದ ತಲೆಕೆಳಗಾಗಿ ತೂಗುತ್ತದೆ. ತೆಪ್ಪ ಕಳಚಿದರೆ ತಳಕ್ಕೆ ಮುಳುಗಿ ಸಾಯುತ್ತದೆ. ಚಿಪ್ಪಿಲ್ಲದ ಬಸವನಹುಳುವಾದ ಗ್ಲಾಕಸ್ ಗಾಳಿಯನ್ನೇ ನುಂಗಿ ಹೊಟ್ಟೆ ಮೇಲಾಗಿ ತೇಲುತ್ತದೆ. ಇವೆಲ್ಲವೂ ನೀಲಿಯಾಗಿರುವುದೇಕೆ ಎಂಬುದಕ್ಕೆ, ಮೇಲಿನಿಂದ ನೋಡುವ ಹಕ್ಕಿಯ ಕಣ್ಣು ತಪ್ಪಿಸಲು ಎಂಬುದೊಂದು ವಿವರಣೆ, ಮರೆಯೇ ಇಲ್ಲದ ಬಿಸಿಲಿನಿಂದ ರಕ್ಷಣೆಗೆ ಎಂಬುದು ಇನ್ನೊಂದು. ನನಗೆ ಮೊದಲನೆಯದು ಹೆಚ್ಚು ಒಪ್ಪಿಗೆಯಾಗುತ್ತದೆ.

ಕಣ್ಣಿಗೆ ಕಾಣುವವು ಇಷ್ಟಾದರೆ, ಒಂದು ಮಿಲಿಮೀಟರಿಗೂ ತೆಳುವಾದ ತೀರಾ ಮೇಲಿನ ಪೊರೆಯಲ್ಲಿ ಬ್ಯಾಕ್ಟೀರಿಯಾ, ಪಾಚಿ, ಏಕಕೋಶಜೀವಿಗಳ ಬೇರೆಯದೇ ಸಂತೆ ನೆರೆದಿರುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಂಗಾರಿಗೆ ಮೊದಲು ಕೆಲವೊಮ್ಮೆ ನೀರಿನ ಮೇಲೆ ಮರದ ಹೊಟ್ಟು ಚೆಲ್ಲಿದಂತೆ ಕಾಣುವುದು ಟ್ರೈಕೊಡೆಸ್ಮಿಯಂ ಎಂಬ ಸೂಕ್ಷ್ಮಜೀವಿಯ ಎಳೆಗಳ ಗುಂಪು. ಅದು ಗಾಳಿಯ ಸಾರಜನಕವನ್ನು ತಾನೇ ಹಿಡಿದು ಗೊಬ್ಬರವಾಗಿಸಿಕೊಳ್ಳುತ್ತದೆ; ವರ್ಷವರ್ಷವೂ ಯೂರಿಯಾ ಚೀಲಗಳನ್ನು ಹೊರುವ ನಮಗೆ ಹೊಟ್ಟೆಕಿಚ್ಚು ಬರಬೇಕಾದ ವಿದ್ಯೆ.

ತೇಲುವ ಜೀವಿಯನ್ನೂ ತೇಲುವ ಕಸವನ್ನೂ ಒಂದೆಡೆ ಕೂಡಿಸುವುದು ಅದೇ ಗಾಳಿ, ಅದೇ ಪ್ರವಾಹ. ಉತ್ತರ ಪೆಸಿಫಿಕ್‌ನಲ್ಲಿ ಪ್ಲಾಸ್ಟಿಕ್ ಶೇಖರವಾಗುವ ಪ್ರದೇಶದಿಂದ 2019ರಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಸ ದಟ್ಟವಾಗಿದ್ದ ಕಡೆಯಲ್ಲಿಯೇ ಪಾರ್ಪಿಟಾ, ಜಾಂತಿನಾಗಳೂ ಹೆಚ್ಚಾಗಿ ಸಿಕ್ಕಿದ್ದವು. ಹಾಗಿರುವಾಗ ಬಲೆ ಎಳೆದು ಕಡಲನ್ನು ಗುಡಿಸುವುದು ಅಷ್ಟು ಸರಳವಾದ ಪುಣ್ಯಕಾರ್ಯವೆಂದು ನನಗೆ ತೋರುವುದಿಲ್ಲ; ಕಸವನ್ನು ಹೊಳೆಯಲ್ಲಿಯೇ ತಡೆಯುವುದು ವಾಸಿ.

ತಂಗಿಯ ಮಗಳು ಆ ಗುಂಡಿಯನ್ನು ಕಾಗದದಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡಿದ್ದಳು. ಮನೆಗೆ ಬಂದು ಬಿಚ್ಚಿ ನೋಡಿದಾಗ ಎಳೆಗಳು ಕಾಗದಕ್ಕೆ ಅಂಟಿ ಹೋಗಿದ್ದವು, ನೀಲಿ ಬಣ್ಣ ಕಲೆಯಾಗಿ ಉಳಿದಿತ್ತು. ಕೈಗೆ ಸಿಕ್ಕಿದ್ದು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಉಂಗುರ ಉಂಗುರವಾಗಿ ಗೆರೆ ಮೂಡಿದ ಬಿಳಿಯ ಬಿಲ್ಲೆ ಮಾತ್ರ. ಮರುದಿನ ಬೆಳಿಗ್ಗೆ ಅವಳು ಅದನ್ನು ಕೆರೆಯಲ್ಲಿ ತೇಲಿಬಿಟ್ಟಳು. ಹುಳುವೊಂದು ಜಾರಿಬಂದು, ಮುಂಗಾಲಿನಿಂದ ಅದನ್ನು ಮುಟ್ಟಿ ನೋಡಿ, ಪಕ್ಕಕ್ಕೆ ಸರಿಯಿತು.